ಬೇಲಿಯ ಎರಡು ಜೀವಗಳು



ಹಳೆಯ ವಿದ್ಯಾರ್ಥಿಯಾಗಿ ಎರಡು ಜೀವಗಳ ಬಗ್ಗೆ ಎರಡು ಮಾತು ಹೇಳುತ್ತೇನೆ. ಬಯಲುಸೀಮೆಯಲ್ಲಿ ಎರಡಕ್ಕೂ ಬೇಲಿಯೇ ಮನೆ.

ಲಂಟಾನ ಅಮೆರಿಕದ ಗಿಡ. ಹೂವಿನ ಅಂದಕ್ಕೆಂದು 19ನೇ ಶತಮಾನದ ಆರಂಭದಲ್ಲಿ ಭಾರತಕ್ಕೆ ತಂದರು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಕಡಿದರೂ ಬುಡದಿಂದ ಚಿಗುರುತ್ತದೆ.

ಕಾಡುಪಾಪ ದಕ್ಷಿಣ ಭಾರತ, ಶ್ರೀಲಂಕಾದ ಜೀವಿ. ರಾತ್ರಿ ಹುಳುಹುಪ್ಪಟೆ ತಿನ್ನುತ್ತದೆ. ಜಿಗಿಯಲಾರದು, ಕೊಂಬೆಗೆ ಕೊಂಬೆ ತಾಗಿರಬೇಕು. ಬೇಲಿಸಾಲು ಕಡಿದು ತಂತಿ ಎಳೆದರೆ ಅದರ ದಾರಿಯೇ ಹೋಯಿತು. ಮಾಟಮಂತ್ರದ ನಂಬಿಕೆಯಿಂದಲೂ ಅದನ್ನು ಹಿಡಿಯುತ್ತಾರೆ.

ಐಯುಸಿಎನ್ ಪಟ್ಟಿಗಳಲ್ಲಿ ಇಬ್ಬರೂ ಇದ್ದಾರೆ: ಲಂಟಾನ ಜಗತ್ತಿನ 100 ಕೆಟ್ಟ ಆಕ್ರಮಣಕಾರಿಗಳಲ್ಲಿ, ಕಾಡುಪಾಪ ಅಪಾಯಕ್ಕೆ ಸಮೀಪವಿರುವವುಗಳಲ್ಲಿ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯೂ ಕಾಡುಪಾಪವನ್ನು ಕಾಯುತ್ತದೆ.

ಬೇಲಿ ಸವರುವಾಗ ಲಂಟಾನ ಬೇರುಸಹಿತ ಕೀಳಿ; ಕೊಂಬೆ ಕೂಡುವ ಹೊಂಗೆ, ಬೇವು ಉಳಿಸಿ.