ಹಿಮದ ನಾಡಿನ ಮಕ್ಕಳ ಓಟ

(ಶಾಲೆಯ ವಾರ್ಷಿಕ ಕ್ರೀಡೋತ್ಸವದ ಸಂದರ್ಭದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕ್ರೀಡೋತ್ಸವದ ದಿನ ಆಟದ ವಿಷಯವಾಗಿ ನಾಲ್ಕು ಮಾತುಗಳನ್ನಾಡುವುದು ಪದ್ಧತಿ. ಈ ಸಲ ನಾವು ಆರಿಸಿಕೊಂಡ ಆಟ ನಮ್ಮ ಊರಿನದಲ್ಲ. ಹಿಮದ ಮೇಲೆ ಜಾರುವ ‘ಸ್ಕೀ’ ಎಂಬ ಆಟ. ಹಿಮವನ್ನು ಕಣ್ಣಾರೆ ಕಾಣದ ಮಕ್ಕಳ ಮುಂದೆ ಈ ಮಾತೇಕೆ ಎಂದು ಕೆಲವರಿಗೆ ತೋರಬಹುದು. ಆದರೆ ಅಡಕೆಯ ಹಾಳೆಯ ಮೇಲೆ ತಂಗಿಯನ್ನೋ ತಮ್ಮನನ್ನೋ ಕೂರಿಸಿ ಅಂಗಳದ ತುಂಬ ಎಳೆದಾಡದ ಮಗು ನಮ್ಮ ಶಾಲೆಯಲ್ಲಿ ಒಂದಾದರೂ ಇದೆಯೇ? ಜಾರುವ ಸುಖ ನಿಮಗೆ ಹೊಸದಲ್ಲ.

ಯುರೋಪಿನ ಉತ್ತರದ ತುದಿಯಲ್ಲಿ ನಾರ್ವೆ ಎಂಬ ದೇಶವಿದೆ. ಅಲ್ಲಿನ ಜನ ತಾವು ಕಾಲಿಗೆ ಸ್ಕೀ ಕಟ್ಟಿಕೊಂಡೇ ಹುಟ್ಟಿದವರೆಂದು ಹೇಳಿಕೊಳ್ಳುವುದುಂಟು. ಸ್ಕೀ ಎಂದರೆ ಕಾಲಿನ ಜೋಡಿಗೆ ಬಿಗಿಯುವ ನೀಳವಾದ ಪಟ್ಟಿ. ಹಿಂದೆ ಅದನ್ನು ಮರದಿಂದ ಮಾಡುತ್ತಿದ್ದರು. ಕಾಲು ಹೂತುಹೋಗುವ ಹಿಮದಲ್ಲಿ ಬೇಟೆಗೆ, ಸೌದೆಗೆ, ನೆರೆಮನೆಗೆ ಹೋಗಲು ಅದೇ ವಾಹನವಾಗಿತ್ತು. ಇಂದು ಅದು ಮನೆಮಂದಿಯ ಭಾನುವಾರದ ಉಲ್ಲಾಸವಾಗಿದೆ.

ಅದರ ರಾಜಧಾನಿ ಓಸ್ಲೋ ನಗರದಲ್ಲಿ 1898ರಲ್ಲಿ ಹೋಲ್ಮೆನ್‌ಕೋಲೆನ್ ಗುಡ್ಡದ ಕಡೆಗೆ ರೈಲುಮಾರ್ಗವೊಂದು ತೆರೆಯಿತು. ಈಗಲೂ ಚಳಿಗಾಲದ ರಜೆಯ ಬೆಳಿಗ್ಗೆ ತಂದೆ, ತಾಯಿ, ಮಕ್ಕಳು ಸ್ಕೀಗಳನ್ನು ಹಿಡಿದು ಆ ಕಡೆಯ ರೈಲು ಹತ್ತುತ್ತಾರೆ. ಇಳಿದೊಡನೆ ನೂರ್ಡ್‌ಮಾರ್ಕಾ ಎಂಬ ಕಾಡು. ಯಂತ್ರದಿಂದ ಹಿಮವನ್ನು ಒತ್ತಿ ಜೋಡಿಗೆರೆಯಂತೆ ದಾರಿ ಕೊರೆದಿರುತ್ತಾರೆ. ನಡೆಯಲಾರದ ಹಸುಳೆಯನ್ನು ಪುಟ್ಟ ಜಾರುಬಂಡಿಯಲ್ಲಿ ಬೆಚ್ಚಗೆ ಮಲಗಿಸಿ, ಅದನ್ನು ಸೊಂಟಕ್ಕೆ ಬಿಗಿದುಕೊಂಡು ತಂದೆ ಎಳೆಯುತ್ತಾನೆ. ನಮ್ಮ ಹಾಳೆಯ ಬಂಡಿಯೇ ಅದು! ನಡುವೆ ಹಿಮದ ಮೇಲೆ ಕುಳಿತು ಕಿತ್ತಳೆ ಸುಲಿದು, ಚಾಕಲೇಟು ಮುರಿದು ಹಂಚಿಕೊಳ್ಳುವುದು ಮನೆಮನೆಯ ವಾಡಿಕೆ. ಡಿಸೆಂಬರ್ ತಿಂಗಳಲ್ಲಿ ಅಲ್ಲಿ ಮೂರೂವರೆ ಗಂಟೆಯೊಳಗೆ ಸೂರ್ಯಾಸ್ತವಾಗುತ್ತದೆ. ಆದುದರಿಂದ ಕಾಡಿನ ಎಷ್ಟೋ ದಾರಿಗಳಿಗೆ ವಿದ್ಯುದ್ದೀಪಗಳನ್ನು ಹಾಕಿದ್ದಾರೆ. ಕತ್ತಲೆಯೆಂದು ಮಕ್ಕಳು ಮನೆಯಲ್ಲಿ ಕೂರುವುದಿಲ್ಲ.

ಇನ್ನು ಪಂದ್ಯದ ಮಾತು. ಸ್ಕೀ ಓಟದ ಒಂದು ಹಳೆಯ ಕ್ರಮದಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ನಿಗದಿಯಾದ ಅಂತರದಲ್ಲಿ ಒಬ್ಬೊಬ್ಬರಾಗಿ ಹೊರಡುತ್ತಾರೆ. ಆದುದರಿಂದ ಓಡುವವನ ಎದುರಾಳಿ ಪಕ್ಕದ ಹುಡುಗನಲ್ಲ, ಗಡಿಯಾರ. ದಾರಿ ಸಿದ್ಧಪಡಿಸುವುದು, ಸಮಯ ಗುರುತಿಸುವುದು, ತಿಂಡಿ ಮಾಡಿ ಹಂಚುವುದು, ಇಂಥವುಗಳಲ್ಲಿ ಬಹುಪಾಲು ಮಕ್ಕಳ ತಂದೆತಾಯಂದಿರದೇ ಕೆಲಸ. ಕೂಲಿಯಿಲ್ಲದ ಈ ಕೂಡುದುಡಿಮೆಗೆ ಅಲ್ಲಿ ‘ದುಗ್ನಾದ್’ ಎನ್ನುತ್ತಾರೆ. ನಮ್ಮ ಹಿರಿಯರ ಮುಯ್ಯಾಳಿನ ಪದ್ಧತಿಯನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾದೀತು.

ಪೋಷಕರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ದೇಶದ ಕ್ರೀಡಾ ಒಕ್ಕೂಟವು 1987ರಲ್ಲಿ ಮಕ್ಕಳ ಆಟಕ್ಕೆಂದೇ ನಿಯಮಗಳನ್ನು ಮಾಡಿತು. 2007ರಲ್ಲಿ ಅವುಗಳೊಡನೆ ಮಕ್ಕಳ ಹಕ್ಕುಗಳನ್ನೂ ಸೇರಿಸಿತು. ಆ ನಿಯಮಗಳ ಪ್ರಕಾರ ಮಗುವಿಗೆ ಹನ್ನೊಂದು ತುಂಬುವ ವರ್ಷದವರೆಗೆ ಪಂದ್ಯದ ಫಲಿತಾಂಶದ ಪಟ್ಟಿಯನ್ನಾಗಲಿ ಸ್ಥಾನಗಳನ್ನಾಗಲಿ ಪ್ರಕಟಿಸುವಂತಿಲ್ಲ. ಚಿಕ್ಕವರ ಪಂದ್ಯದಲ್ಲಿ ಬಹುಮಾನ ಕೊಡುವುದಾದರೆ ಎಲ್ಲರಿಗೂ ಕೊಡಬೇಕು. ಹದಿಮೂರರ ವರ್ಷ ಬರುವ ಮೊದಲು ರಾಷ್ಟ್ರಮಟ್ಟದ ಪ್ರಶಸ್ತಿಪಂದ್ಯಗಳಿಲ್ಲ. ಸ್ಪರ್ಧಿಸಬೇಕೋ ಬೇಡವೋ ಎಂಬುದು ಮಗುವಿನದೇ ಹಕ್ಕು.

ಇಂಥ ಮೆದು ಕ್ರಮದಿಂದ ಆಟಗಾರರು ಹುಟ್ಟುವರೇ ಎಂದು ಕೇಳಬಹುದು. ಆ ದೇಶದ ಜನಸಂಖ್ಯೆ ಸುಮಾರು 55 ಲಕ್ಷ. ನಮ್ಮ ಬೆಂಗಳೂರಿಗಿಂತ ಬಹಳ ಕಡಿಮೆ. ಆದರೂ 2018ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಅದು 39 ಪದಕಗಳನ್ನೂ, 2022ರಲ್ಲಿ 16 ಚಿನ್ನಗಳೊಡನೆ 37 ಪದಕಗಳನ್ನೂ ಪಡೆದು ಅಗ್ರಸ್ಥಾನದಲ್ಲಿ ನಿಂತಿತು. ಹಿಮವೂ ಸಂಪತ್ತೂ ಅಲ್ಲಿ ಹೇರಳ. ನಿಯಮವೊಂದೇ ಗೆಲುವಿನ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಆ ನಿಯಮದಿಂದ ಗೆಲುವಿಗೆ ಕುಂದೊದಗಲಿಲ್ಲ ಎಂಬುದಂತೂ ಸ್ಪಷ್ಟ. ಹತ್ತನೆಯ ವಯಸ್ಸಿನಲ್ಲಿ ಹಿಂದುಳಿದ ಮಗು ಹದಿನೆಂಟರಲ್ಲಿ ಮುಂದೆ ಬರಬಹುದು. ಆದರೆ ನಡುವೆ ಅದು ಆಟವನ್ನೇ ಬಿಟ್ಟಿರಬಾರದು.

ಈಗ ನಮ್ಮ ಮೈದಾನಕ್ಕೆ ಬರೋಣ. ಕಳೆದ ವರ್ಷ ಮೂರನೆಯ ತರಗತಿಯ ಬಾಲಕಿಯೊಬ್ಬಳು ಓಟದಲ್ಲಿ ನಾಲ್ಕನೆಯವಳಾಗಿ ಬಂದಳು. ಬೇಲಿಯ ಆಚೆಯಿಂದ, “ಇನ್ನೊಂದು ಹೆಜ್ಜೆ ಹಾಕಲು ನಿನಗೇನಾಗಿತ್ತು?” ಎಂಬ ಮಾತು ಕೇಳಿಬಂತು. ಅವಳು ಅನ್ನವನ್ನೂ ಮುಟ್ಟದೆ ಹಲಸಿನ ಮರದ ಹಿಂದೆ ನಿಂತಿದ್ದಳು. ಈ ವರ್ಷ ಓಟಕ್ಕೆ ಹೆಸರು ಬರೆಯಿಸೆಂದರೆ ತಲೆಯಲ್ಲಾಡಿಸಿದಳು. ಓಡುವುದೆಂದರೆ ಹಿಗ್ಗುತ್ತಿದ್ದ ಮಗು ಅದು. ಆ ಮಾತನ್ನಾಡಿದವರಿಗೂ ಮಗುವಿನ ಮೇಲೆ ಪ್ರೀತಿಯಿಲ್ಲದೆ ಇಲ್ಲ. ಆದರೆ ಎಂಟು ವರ್ಷದ ಕಿವಿಗೆ ಅದು ಪ್ರೀತಿಯಂತೆ ಕೇಳಿಸದು.

ಆದುದರಿಂದ ಸಂಘದ ಒಪ್ಪಿಗೆ ಪಡೆದು ನಾವೊಂದು ನಿರ್ಧಾರವನ್ನು ಮಾಡಿದ್ದೇವೆ. ಮುಂದಿನ ವರ್ಷದಿಂದ ಐದನೆಯ ತರಗತಿಯವರೆಗೆ ಒಂದು, ಎರಡು, ಮೂರು ಎಂಬ ಸ್ಥಾನಗಳಿರುವುದಿಲ್ಲ. ಓಡಿದ ಪ್ರತಿಯೊಂದು ಮಗುವಿಗೂ ಒಂದೇ ಬಗೆಯ ಬಹುಮಾನ ದೊರೆಯುವುದು. ಸೋಲನ್ನರಿಯದ ಮಗು ಮುಂದೆ ಲೋಕವನ್ನು ಎದುರಿಸುವುದು ಹೇಗೆ ಎಂದು ಕೆಲವು ಪೋಷಕರು ಕೇಳಿದ್ದಾರೆ. ಪ್ರಶ್ನೆ ಯೋಗ್ಯವಾದುದೇ. ಸ್ಪರ್ಧೆಯನ್ನು ನಾವು ತೆಗೆದುಹಾಕುತ್ತಿಲ್ಲ. ಪ್ರತಿ ಮಗುವಿನ ಸಮಯವನ್ನು ಗಡಿಯಾರದಿಂದ ಗುರುತಿಸಿ ಅದಕ್ಕೆ ಮಾತ್ರ ತಿಳಿಸುತ್ತೇವೆ. ಹಿಂದಿನ ತಿಂಗಳಿಗಿಂತ ಎರಡು ಸೆಕೆಂಡು ಬೇಗ ಬಂದರೆ ಅದೇ ಗೆಲುವು, ತಡವಾದರೆ ಅದೇ ಸೋಲು. ಆರನೆಯ ತರಗತಿಯಿಂದ ಸ್ಥಾನಗಳು ಎಂದಿನಂತೆ ಇರುತ್ತವೆ.

ಇದೆಲ್ಲ ಪರದೇಶದವರಿಗೆ ಸರಿ ಎಂದು ಮಕ್ಕಳು ತಿಳಿಯಬಾರದು. ಹಿಮವೇ ಬೀಳದ ಕೊಡಗಿನಲ್ಲಿ ಹುಟ್ಟಿದ ಭವಾನಿ ತೆಕ್ಕಡ ನಂಜುಂಡ ಎಂಬವರು ಸ್ಕೀ ಕಲಿತು, ಗುಲ್ಮಾರ್ಗ್‌ನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ಕರ್ನಾಟಕಕ್ಕೆ ಚಿನ್ನ ತಂದಿದ್ದಾರೆ. ಹುಟ್ಟಿದ ಊರು ಯಾವುದಾದರೇನು, ಆಸೆ ಆರದಿದ್ದರೆ ದಾರಿ ದೊರೆಯುತ್ತದೆ.

ಕೊನೆಯದಾಗಿ ಒಂದು ಚರಿತ್ರೆಯ ಮಾತು. 1206ರ ಚಳಿಗಾಲದಲ್ಲಿ ನಾರ್ವೆಯ ಇಬ್ಬರು ಯೋಧರು ಹೋಕನ್ ಎಂಬ ಶಿಶು ರಾಜಕುಮಾರನನ್ನು ಶತ್ರುಗಳ ಕೈಯಿಂದ ಪಾರುಮಾಡಲು, ಸ್ಕೀಗಳ ಮೇಲೆ ಬೆಟ್ಟ ದಾಟಿಸಿದರು. ಆ ಶಿಶು 1217ರಲ್ಲಿ ಅರಸನಾಯಿತು. ಅದರ ಸ್ಮರಣೆಗಾಗಿ 1932ರಿಂದ ನಡೆದುಬಂದ ‘ಬಿರ್ಕೆಬೈನರ್’ ಎಂಬ ದೀರ್ಘ ಓಟದಲ್ಲಿ ಓಡುವವರು ಮೂರೂವರೆ ಕಿಲೋ ಭಾರದ ಚೀಲವನ್ನು ಬೆನ್ನಿಗೆ ಕಟ್ಟಿಕೊಳ್ಳಬೇಕು. ಅದು ಆ ಮಗುವಿನ ಭಾರದ ಗುರುತು.

ಪೋಷಕ ಮಹನೀಯರೇ, ನಿಮ್ಮಲ್ಲಿ ನಮ್ಮ ಬಿನ್ನಹ ಇಷ್ಟೆ. ನಾಳೆ ಮಗು ಓಡುವಾಗ ಬೇಲಿಯ ಆಚೆ ನಿಲ್ಲಬೇಡಿ. ಒಬ್ಬರು ಸುಣ್ಣದ ಗೆರೆ ಎಳೆಯಲು, ಒಬ್ಬರು ಗಡಿಯಾರ ಹಿಡಿಯಲು, ಒಬ್ಬರು ಪಾನಕ ಹಂಚಲು ಒಳಗೆ ಬನ್ನಿ. ಹೆಸರು ಕೊಡಬೇಕಾದ ಪುಸ್ತಕ ಕಚೇರಿಯ ಮೇಜಿನ ಮೇಲಿದೆ. ಆ ಬಾಲಕಿಯ ಹೆಸರಿಗಾಗಿಯೂ ನಾವು ಒಂದು ಸಾಲನ್ನು ಖಾಲಿ ಬಿಟ್ಟಿದ್ದೇವೆ.