ಆನೆಗಳ ನಡುವೆ ಒಬ್ಬ ತರುಣಿ

ಉಡುಪಿನ ಬೆಡಗನ್ನು ತೋರಿಸುವುದಕ್ಕಾಗಿ ತೆಗೆದ ಛಾಯಾಚಿತ್ರವನ್ನು ಕಲೆಯೆಂದು ಕರೆಯಬಹುದೆ ಎಂದು ಯಾರಾದರೂ ಕೇಳಿದ್ದರೆ, ನಾವು ಬಹುಕಾಲ 'ಕೂಡದು' ಎಂದೇ ಉತ್ತರ ಹೇಳುತ್ತಿದ್ದೆವು. ಅಂಗಡಿಯವನು ಸೀರೆಯನ್ನು ಬಿಡಿಸಿ ಹರಡುವುದಕ್ಕೂ, ಪತ್ರಿಕೆಯವರು ಉಡುಪನ್ನು ಒಬ್ಬ ಚೆಲುವೆಗೆ ತೊಡಿಸಿ ಚಿತ್ರ ತೆಗೆಯುವುದಕ್ಕೂ ಉದ್ದೇಶದಲ್ಲಿ ಯಾವ ಭೇದವೂ ನಮಗೆ ಕಾಣುತ್ತಿರಲಿಲ್ಲ. ಹೀಗೆ ನಿಶ್ಚಿಂತರಾಗಿದ್ದ ನಮ್ಮನ್ನು ಒಂದು ಚಿತ್ರ ಕೆಣಕಿತು. ಈ ಹೊತ್ತು ಶ್ರೋತೃಗಳ ಮುಂದೆ ಆ ಒಂದು ಚಿತ್ರದ ವಿಚಾರವನ್ನೇ ಹೇಳಬೇಕೆಂದಿದ್ದೇವೆ. ರೇಡಿಯೋದಲ್ಲಿ ಚಿತ್ರವನ್ನು ತೋರಿಸುವುದು ಆಗದ ಮಾತು. ತಾವು ದಯವಿಟ್ಟು ಕಿವಿಯನ್ನೇ ಕಣ್ಣು ಮಾಡಿಕೊಳ್ಳಬೇಕು.

ಚಿತ್ರವನ್ನು ತೆಗೆದವರು ಅಮೆರಿಕದ ರಿಚರ್ಡ್ ಅವೆಡಾನ್. ತೆಗೆದದ್ದು 1955ನೆಯ ಇಸವಿ ಆಗಸ್ಟ್ ತಿಂಗಳಿನಲ್ಲಿ, ಪ್ಯಾರಿಸ್ ನಗರದ ಸಿರ್ಕ್ ದಿವೆರ್ ಎಂಬ ಹಳೆಯ ಸರ್ಕಸ್ ಮಂದಿರದಲ್ಲಿ. ಸೆಪ್ಟೆಂಬರಿನ 'ಹಾರ್ಪರ್ಸ್ ಬಜಾರ್' ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಅದರಲ್ಲಿರುವ ತರುಣಿಯನ್ನು ಡೊವಿಮಾ ಎಂದು ಕರೆಯುತ್ತಿದ್ದರು. ಡೊರೊತಿ, ವರ್ಜೀನಿಯಾ, ಮಾರ್ಗರೆಟ್ ಎಂಬ ತನ್ನ ಮೂರು ಹೆಸರುಗಳ ಮೊದಲ ತುಣುಕುಗಳನ್ನು ಪೋಣಿಸಿ ಆಕೆ ಕಟ್ಟಿಕೊಂಡ ಹೆಸರು ಅದು. ತೊಟ್ಟಿರುವುದು ಕ್ರಿಶ್ಚಿಯನ್ ಡಿಯೋರ್ ಅವರ ಮಳಿಗೆಯ ಕಪ್ಪು ಮಖಮಲ್ಲಿನ ನಿಲುವುಡುಗೆ. ಅದನ್ನು ರೂಪಿಸಿದವನು ಆಗತಾನೆ ಅಲ್ಲಿ ಕೆಲಸಕ್ಕೆ ಸೇರಿದ್ದ ಈವ್ ಸ್ಯಾಂ ಲೊರಾಂ ಎಂಬ ಹತ್ತೊಂಬತ್ತು ವರ್ಷದ ಹುಡುಗ. ನಡುವಿಗೆ ಸುತ್ತಿದ ಬಿಳಿಯ ರೇಷ್ಮೆಯ ಪಟ್ಟಿ ನೆಲದವರೆಗೆ ಇಳಿಬಿದ್ದಿದೆ. ಎರಡು ಕಡೆಯೂ ಆನೆಗಳು. ತರುಣಿ ತೋಳು ಚಾಚಿ, ಒಂದು ಕೈಯನ್ನು ಸೊಂಡಿಲಿನ ಮೇಲೆ ಮೃದುವಾಗಿ ಇರಿಸಿ, ಮೈಯನ್ನು ಬಳ್ಳಿಯಂತೆ ಬಳುಕಿಸಿ ನಿಂತಿದ್ದಾಳೆ. ಬೆಳಕು ಮೇಲ್ಛಾವಣಿಯ ಗಾಜಿನಿಂದ ಇಳಿದದ್ದು. ಸುಕ್ಕುಗಟ್ಟಿದ ಬೂದು ತೊಗಲಿನ ಪಕ್ಕದಲ್ಲಿ ಆ ಕಪ್ಪು ಮಖಮಲ್ಲೂ ಆ ಬಿಳಿಯ ತೋಳುಗಳೂ ಹೇಗೆ ಒಪ್ಪುತ್ತವೆಂಬುದನ್ನು ಮಾತಿನಲ್ಲಿ ಹೇಳುವುದು ಕಷ್ಟ. ಒರಟಿನ ನೆರೆಯಲ್ಲಿ ನಯ ಇಮ್ಮಡಿಯಾಗುತ್ತದೆಂಬುದನ್ನು ನಮ್ಮ ಶಿಲ್ಪಿಗಳು ಬಲ್ಲರು. ಈ ಛಾಯಾಗ್ರಾಹಕನೂ ಬಲ್ಲ. 'ಇದು ಜಾಹೀರಾತಲ್ಲ' ಎಂದು ನಾವು ಆ ಕ್ಷಣವೇ ಒಪ್ಪಿಕೊಂಡೆವು.

ಪುಸ್ತಕ ಗೆಳೆಯರೊಬ್ಬರದು. ಮನೆಗೆ ತಂದು ಮೇಜಿನ ಮೇಲೆ ತೆರೆದಿಟ್ಟಿದ್ದಾಗ ನಮ್ಮ ವೃದ್ಧ ಸೋದರತ್ತೆಯವರು ಕನ್ನಡಕವನ್ನು ಸರಿಪಡಿಸಿಕೊಂಡು ಬಾಗಿ ನೋಡಿದರು. ಉಡುಪನ್ನು ಕುರಿತು ಅವರು ಚಕಾರವೆತ್ತಲಿಲ್ಲ. "ಅಯ್ಯೋ, ಕಾಲಿಗೆ ಸರಪಳಿ ಹಾಕಿದ್ದಾರಲ್ಲ!" ಎಂದರು.

ಸರಪಳಿ ಇತ್ತು. ಅಷ್ಟು ಹೊತ್ತು ನೋಡಿದ ನಮ್ಮ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಅತ್ತೆಯವರು ಮೈಸೂರಿನಲ್ಲಿ ಹುಟ್ಟಿ ಬೆಳೆದವರು. ಅರಮನೆಯ ಆನೆಗಳನ್ನು ಬಾಲ್ಯದಿಂದ ಕಂಡವರು. ಅವರು ಹೇಳಿದ ಮೇಲೆ ಚಿತ್ರದ ರೂಪವೇ ಬದಲಾಯಿತು. ಮೊದಲು ನಾವು ಆ ಆನೆಗಳ ಚಲನೆಯನ್ನು ನರ್ತನವೆಂದು ಬಗೆದಿದ್ದೆವು. ತರುಣಿಯ ಬಳುಕಿಗೆ ಅವೂ ತಾಳ ಹಾಕುತ್ತಿವೆ ಎಂದು ನಲಿದಿದ್ದೆವು. ಆದರೆ ಕಟ್ಟಿಹಾಕಿದ ಆನೆ ನಿಂತಲ್ಲಿಯೇ ತೂಗುತ್ತ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರವನ್ನು ಬದಲಿಸುತ್ತ ಇರುವುದನ್ನು ಯಾರು ಕಂಡಿಲ್ಲ? ಅದು ಸೆರೆಯ ಬೇಸರದಿಂದ ಬರುವ ಅಭ್ಯಾಸವೆಂದು ಪ್ರಾಣಿಶಾಸ್ತ್ರಜ್ಞರು ಹೇಳುತ್ತಾರೆ. ಚಿತ್ರದಲ್ಲಿರುವುದೂ ಅದೇ ಎಂದು ನಾವು ಆಣೆಯಿಟ್ಟು ಹೇಳಲಾರೆವು. ಆದರೆ ಈಗ ಅದನ್ನು ನರ್ತನವೆಂದು ನೋಡುವುದು ನಮ್ಮಿಂದ ಆಗದು.

ಅವೆಡಾನ್ ಅವರಿಗೂ ಈ ಚಿತ್ರದಲ್ಲಿ ಒಂದು ಕೊರತೆ ಕೊನೆಯವರೆಗೆ ಕಾಡಿತು. ಅದು ಸರಪಳಿಯಲ್ಲ. ಆ ಬಿಳಿಯ ಪಟ್ಟಿ ಎಡಕ್ಕೆ ಹಾರಿದ್ದರೆ ಚಿತ್ರದ ರೇಖೆ ಪೂರ್ಣವಾಗುತ್ತಿತ್ತು, ಹಾಗೆ ಏಕೆ ಮಾಡಲಿಲ್ಲವೋ, ಆದುದರಿಂದ ಚಿತ್ರ ತನ್ನ ಪಾಲಿಗೆ ಸೋಲೇ ಎಂದು ಅವರು ಮರುಗುತ್ತಿದ್ದರು. ಕುಶಲಿಯ ಮರುಕ ಹೀಗೆಯೇ ಇರುತ್ತದೆ. ಅದನ್ನು ನಾವು ಹಳಿಯುವುದಿಲ್ಲ.

ಡೊವಿಮಾಳ ಸಂಗತಿಯನ್ನೂ ಹೇಳಿಬಿಡೋಣ. ಆ ಕಾಲದಲ್ಲಿ ಆಕೆಯ ಸಂಭಾವನೆ ಗಂಟೆಗೆ 60 ಡಾಲರು. ನಿಮಿಷಕ್ಕೊಂದು ಡಾಲರಿನ ಹುಡುಗಿ ಎಂದೇ ಹೆಸರಾಗಿದ್ದಳು. ಮುಂದೆ ವಯಸ್ಸಾಗಿ, ಫ್ಲಾರಿಡಾದ ಒಂದು ಪಿಜ್ಜಾ ಹೋಟಲಿನಲ್ಲಿ ಬಂದವರನ್ನು ಎದುರುಗೊಂಡು ಕೂರಿಸುವ ಕೆಲಸ ಮಾಡುತ್ತಿದ್ದು, 1990ರಲ್ಲಿ ತೀರಿಕೊಂಡಳು. ಇಪ್ಪತ್ತು ವರ್ಷಗಳ ಮೇಲೆ, 2010ರಲ್ಲಿ, ಈ ಚಿತ್ರದ ಆಳೆತ್ತರವನ್ನು ಮೀರಿದ ಒಂದು ಪ್ರತಿ ಪ್ಯಾರಿಸ್ಸಿನ ಹರಾಜಿನಲ್ಲಿ 8,41,000 ಯೂರೋಗಳಿಗೆ ಹೋಯಿತು. ಕೊಂಡವರು ಡಿಯೋರ್ ಮಳಿಗೆಯವರೇ.

ಇದನ್ನೆಲ್ಲ ಕೇಳಿ ಪಶ್ಚಿಮದವರನ್ನು ಬೈಯುವ ಚಪಲ ನಮಗೆ ಬಾರದೆ ಇರಲಿಲ್ಲ. ಆದರೆ ನಮ್ಮ ಕಾಕನಕೋಟೆಯ ಖೆಡ್ಡಾ 1971ರವರೆಗೆ ನಡೆಯಿತು. ದಸರೆಯಲ್ಲಿ ಸುಮಾರು 750 ಕಿಲೋಗ್ರಾಂ ತೂಕದ ಅಂಬಾರಿಯನ್ನು ಹೊತ್ತು ಬರುವ ಆನೆಯ ಹಣೆಗೂ ಸೊಂಡಿಲಿಗೂ ನಾವು ಬಣ್ಣ ಬಳಿದು ಹೂಬಳ್ಳಿ ಬರೆಯುತ್ತೇವೆ, ಮೈಗೆ ಜರಿಯ ಜೂಲು ಹೊದಿಸುತ್ತೇವೆ. ಅಲಂಕರಿಸಿದ ಆನೆಯ ಚಿತ್ರಗಳು ನಮ್ಮ ಗೋಡೆಗಳ ಮೇಲೆ ಎಷ್ಟೋ ಇವೆ. ಅವುಗಳಲ್ಲಿ ಕಾಲಿನ ಕಡೆಗೆ ನೋಡಿದ್ದು ನಮಗಂತೂ ನೆನಪಿಲ್ಲ.

ಹಾಗಾದರೆ ಇದು ಕಲೆಯೆ? ಹೌದೆಂದೇ ನಾವು ಈಗಲೂ ಹೇಳುತ್ತೇವೆ. ಹರಾಜಿನ ಬೆಲೆ ಅದಕ್ಕೆ ಕಾರಣವಲ್ಲ. ಬೆಡಗಿನ ಪತ್ರಿಕೆಗಳಲ್ಲಿ ಚಿತ್ರವನ್ನು ತಿದ್ದಿ ತೀಡಿ ಬೇಡದುದನ್ನು ಅಳಿಸುವುದು ಆಗ ನಿತ್ಯದ ಕೆಲಸವಾಗಿತ್ತು. ಸರಪಳಿಯನ್ನು ಅಳಿಸುವುದು ಹೆಚ್ಚಿನ ಶ್ರಮವೇನಲ್ಲ. ಆದರೂ ಅದು ಉಳಿದಿದೆ, ಸೊಬಗಿನ ಕಾಲಬುಡದಲ್ಲಿಯೇ ಉಳಿದಿದೆ. ಬೇಕೆಂದು ಉಳಿಸಿದರೋ ಲಕ್ಷ್ಯಕ್ಕೆ ಬಾರದೆ ಉಳಿಯಿತೋ, ನೋಡುವವನಿಗೆ ನೋಡುವ ಅವಕಾಶವಂತೂ ದೊರೆತಿದೆ.

ಈ ವಾದವನ್ನು ಅತ್ತೆಯವರ ಮುಂದೆ ಬಹಳ ಉತ್ಸಾಹದಿಂದ ಮಂಡಿಸಿದೆವು. ಅವರು ಬತ್ತಿ ಹೊಸೆಯುತ್ತಿದ್ದವರು ತಲೆಯೆತ್ತದೆ, "ಕಾಣಿಸಿತು ಅಂದ ಮಾತ್ರಕ್ಕೆ ಸರಪಳಿ ಸಡಿಲವಾಯಿತೇನು?" ಎಂದು ಕೇಳಿದರು. ಅದಕ್ಕೆ ತಕ್ಕ ಉತ್ತರ ನಮಗಿನ್ನೂ ಹೊಳೆದಿಲ್ಲ. ಪುಸ್ತಕವೂ ನಮ್ಮಲ್ಲಿಯೇ ಇದೆ; ಗೆಳೆಯರು ಎರಡು ಸಲ ಹೇಳಿಕಳುಹಿಸಿದ್ದಾರೆ, ಈ ವಾರ ಹಿಂದಿರುಗಿಸಬೇಕು.