ಕುಣಿಯುವ ಆಮೆ

ಜಪಾನಿನ ತಂತ್ರಜ್ಞರ ಒಂದು ಬಳಗ ತನ್ನ ಜಾಲತಾಣದಲ್ಲಿ ಆಮೆಯ ಚಿತ್ರವೊಂದನ್ನು ಇರಿಸಿತ್ತು. ಹಳೆಯ ವಿಳಾಸ ಪದ್ಧತಿಯ ಮೂಲಕ ಬಂದವರಿಗೆ ಆ ಆಮೆ ಅಲುಗಾಡದೆ ನಿಂತಿರುತ್ತಿತ್ತು. ಹೊಸ ಪದ್ಧತಿಯ ಮೂಲಕ ಬಂದವರ ಕಣ್ಣಿಗೆ ಮಾತ್ರ ಕುಣಿಯುತ್ತಿತ್ತು. ಬಳಗದ ಹೆಸರು 'ಕಮೆ'. ಜಪಾನೀ ನುಡಿಯಲ್ಲಿ ಕಮೆ ಎಂದರೆ ಆಮೆಯೇ. ಈ ಸಾಮ್ಯವನ್ನು ಹಿಡಿದು ಯಾರೂ ಭಾಷಾಬಾಂಧವ್ಯವನ್ನು ಅರಸಹೊರಡಬಾರದೆಂದು ನನ್ನ ಬಿನ್ನಹ.

ಶ್ರೋತೃಗಳೆ, ಅಂತರಜಾಲಕ್ಕೆ ಸೇರುವ ಯಂತ್ರಕ್ಕೆ ಅಂಕಿಗಳ ವಿಳಾಸವೊಂದು ಬೇಕು. 1981ರಲ್ಲಿ ನಿಗದಿಯಾದ ಇಂಟರ್‌ನೆಟ್ ಪ್ರೋಟೊಕಾಲಿನ ನಾಲ್ಕನೆಯ ಆವೃತ್ತಿ ಅದಕ್ಕೆ 32 ಬಿಟ್‌ಗಳ ಸ್ಥಳವನ್ನಷ್ಟೇ ಕೊಟ್ಟಿತು. ಒಟ್ಟು ಸುಮಾರು 430 ಕೋಟಿ ವಿಳಾಸಗಳು. ಅಂದು ಅದು ಅಕ್ಷಯಪಾತ್ರೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಪಾತ್ರೆಯ ತಳ ಕಾಣುವ ಲಕ್ಷಣ ತೋರಿದಾಗ 128 ಬಿಟ್‌ಗಳ ಆರನೆಯ ಆವೃತ್ತಿ ರೂಪುಗೊಂಡಿತು. ಅದರ ಮೊದಲ ನಿಯಮಾವಳಿ 1995ರಲ್ಲಿ ಹೊರಬಂತು. ನಿಯಮಾವಳಿಯನ್ನು ಬರೆದರಾಯಿತೆ? ಹಳೆಯದು, ಹೊಸದು, ಒಂದರ ಮಾತನ್ನು ಇನ್ನೊಂದು ನೇರವಾಗಿ ಅರಿಯಲಾರದು. ಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಎರಡನ್ನೂ ಕಲಿಯಬೇಕು.

1998ರ ಏಪ್ರಿಲಿನಲ್ಲಿ ಫುಜಿತ್ಸು, ಹಿಟಾಚಿ, ಎನ್‌ಇಸಿ, ತೋಷಿಬಾ ಮುಂತಾದ ಸಂಸ್ಥೆಗಳು, ಮಾರುಕಟ್ಟೆಯಲ್ಲಿ ಪರಸ್ಪರ ಸ್ಪರ್ಧಿಗಳಾಗಿದ್ದೂ, ತಮ್ಮ ತಂತ್ರಜ್ಞರನ್ನು ಒಂದೆಡೆ ಕೂಡಿಸಿದವು. ಬರ್ಕ್ಲಿ ವಿಶ್ವವಿದ್ಯಾಲಯದ ಮೂಲದಿಂದ ಕವಲೊಡೆದ ಬಿಎಸ್‌ಡಿ ಕುಲದ ಮುಕ್ತ ವ್ಯವಸ್ಥೆಗಳಿಗೆ ಈ ಹೊಸ ವಿದ್ಯೆಯನ್ನು ಬರೆದು ಉಚಿತವಾಗಿ ಕೊಡುವುದು ಅವುಗಳ ಉದ್ದೇಶ. 2000ನೆಯ ಇಸವಿ ಮುಗಿಯುವುದರೊಳಗೆ ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ, ನೆಟ್‌ಬಿಎಸ್‌ಡಿ ಮೂರೂ ಅದನ್ನು ತಮ್ಮದಾಗಿಸಿಕೊಂಡವು.

ಬಳಗದ ಪ್ರಮುಖರಲ್ಲೊಬ್ಬರು ಜುನ್-ಇಚಿರೊ ಹಗಿನೊ. ತಂತ್ರಜ್ಞರ ವಲಯದಲ್ಲಿ 'ಇಟೊಜುನ್'. ಅವರು ಹಿಡಿದ ಒಂದು ಹಟದ ಮಾತನ್ನು ಹೇಳಲೇಬೇಕು. ಹಳೆಯ ವಿಳಾಸಕ್ಕೆ ಹೊಸ ವಿಳಾಸದ ವೇಷ ತೊಡಿಸಿ, ಇಬ್ಬರು ಅತಿಥಿಗಳನ್ನೂ ಒಂದೇ ಬಾಗಿಲಿನಿಂದ ಬರಮಾಡಿಕೊಳ್ಳುವ ಉಪಾಯವೊಂದಿತ್ತು. ಪ್ರೋಗ್ರಾಂ ಬರೆಯುವವನಿಗೆ ಅದರಿಂದ ಎಷ್ಟೋ ಶ್ರಮ ಉಳಿಯುತ್ತದೆ. ಇಟೊಜುನ್ ಒಪ್ಪಲಿಲ್ಲ. ಕಾವಲುಗಾರನ ಕೈಯಲ್ಲಿರುವುದು ಹಳೆಯ ವಿಳಾಸಗಳ ಪಟ್ಟಿ. ಒಳಬಿಡಬಾರದವನು ವೇಷ ಬದಲಿಸಿ ಬಂದರೆ ಗುರುತು ಸಿಕ್ಕೀತೆ? ಬಾಗಿಲು ಎರಡಿರಲಿ, ಕಾವಲೂ ಎರಡಿರಲಿ ಎಂಬುದು ಅವರ ವಾದ. ಓಪನ್‌ಬಿಎಸ್‌ಡಿ ಆ ವೇಷಕ್ಕೆ ಪ್ರವೇಶವನ್ನೇ ಕೊಡಲಿಲ್ಲ. ಲಿನಕ್ಸ್ ಅನುಕೂಲವನ್ನು ಆರಿಸಿಕೊಂಡಿತು. ನನಗೆ ಇಟೊಜುನ್ ಅವರ ಪಕ್ಷವೇ ಸರಿಯೆನಿಸುತ್ತದೆ. ಆದರೆ ಅದರ ಬೆಲೆಯೂ ಸಣ್ಣದಲ್ಲ. ಒಂದೇ ಬಾಗಿಲನ್ನು ನಂಬಿದ್ದ ಪ್ರೋಗ್ರಾಂಗಳನ್ನೆಲ್ಲ ಒಂದೊಂದಾಗಿ ತಿದ್ದಬೇಕಾಗುತ್ತದೆ. ಆ ತಿದ್ದುವ ಬಗೆಯನ್ನು ಕಲಿಸಲೆಂದು ಅವರೇ ಒಂದು ಪುಸ್ತಕವನ್ನೂ ಬರೆದರು.

ಕಮೆಯ ಕಾರ್ಯ 2006ರ ಮಾರ್ಚಿಯಲ್ಲಿ ಮುಗಿಯಿತು. ಇಟೊಜುನ್ ಮರುವರ್ಷದ ಅಕ್ಟೋಬರಿನಲ್ಲಿ, 37ರ ವಯಸ್ಸಿನಲ್ಲಿ ತೀರಿಕೊಂಡರು. ಹಳೆಯ ವಿಳಾಸಗಳ ಕೇಂದ್ರ ಭಂಡಾರ ಬರಿದಾದುದು 2011ರ ಫೆಬ್ರವರಿಯಲ್ಲಿ. ಅದನ್ನು ನೋಡಲು ಅವರಿರಲಿಲ್ಲ. ಇಂದು ನಮ್ಮ ದೇಶದಲ್ಲಿ ಅಂತರಜಾಲ ಬಳಸುವವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಹೊಸ ಪದ್ಧತಿಯಲ್ಲಿಯೇ ಸಂಚರಿಸುತ್ತಾರೆ, ಬಹುಮಂದಿ ತಮಗರಿವಿಲ್ಲದೆಯೇ.

ಆ ಬಳಗ ತನ್ನ ಬರಹವನ್ನು ಕೊಟ್ಟಾಗ ಕೇಳಿದ್ದು ಬಹಳ ಕಡಮೆ: ಮೊದಲಲ್ಲಿರುವ ಹಕ್ಕಿನ ಒಕ್ಕಣೆಯನ್ನು ಅಳಿಸಬೇಡಿ ಎಂದು. ಆಪಲ್ ಕಂಪನಿಯ ಫೋನುಗಳನ್ನು ನಡೆಸುವ ವ್ಯವಸ್ಥೆಯ ಒಳಗೂ, ಈ ವಿದ್ಯೆಯ ಕಡತಗಳ ನೆತ್ತಿಯ ಮೇಲೆ, ಆ ಜಪಾನೀ ಒಕ್ಕಣೆ ತನ್ನ 1995, 1996, 1997, 1998 ಎಂಬ ಇಸವಿಗಳೊಡನೆ ಹಾಗೆಯೇ ಇದೆ.